ಮನೆಮಂದಿಯ ನರೆ

ಹೋದ ವರ್ಷದವರೆಗೂ ನನ್ನ ಒಂದು ತಲೆಯ ಮೇಲೆ ಐದು ಜನರ ನರೆ ಇತ್ತು. ಅದರಲ್ಲಿ ನನ್ನ ಸ್ವಂತದ್ದೆಷ್ಟು ಎಂದು ಕೇಳಿದರೆ ನನಗೇ ಗೊತ್ತಿರಲಿಲ್ಲ. ಮಂಡಿ ಮುಟ್ಟುವ ಜಡೆ, ಬೈತಲೆಯಿಂದ ತುದಿಯವರೆಗೆ ಹಿಂಜಿದ ಹತ್ತಿಯಷ್ಟು ಬೆಳ್ಳಗೆ. ಬಸ್ಸು ಹತ್ತಿದರೆ ನನಗಿಂತ ಹಿರಿಯರು ಎದ್ದು ನಿಂತು "ಕೂತ್ಕೊಳಿ ಅಜ್ಜಿ" ಅನ್ನುತ್ತಿದ್ದರು. ಹಾಗೆ ಅನ್ನುವವರ ತಲೆ ಮಾತ್ರ ಕಾಡಿಗೆಯಷ್ಟು ಕಪ್ಪು. ಅವರ ನರೆ ಅವರ ಮನೆಯಲ್ಲಿ ಇನ್ಯಾರದೋ ತಲೆಯ ಮೇಲೆ ಕೂತಿರುತ್ತಿತ್ತು. ನಾನು ಸೀಟಿನಲ್ಲಿ ಕೂತು, ಯಾರೂ ತುಳಿಯದ ಹಾಗೆ ಜಡೆಯನ್ನು ಮಡಿಲಿಗೆ ಎಳೆದುಕೊಂಡು, ಹಲ್ಲು ಕಚ್ಚಿಕೊಂಡು ಶಾಲೆಯವರೆಗೆ ಹೋಗುತ್ತಿದ್ದೆ.

ನಮ್ಮ ಊರಿನಲ್ಲಿ ಕೂದಲಿಗೆ ಕಪ್ಪು ಹಚ್ಚಿದರೆ ನರೆ ಹೋಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಹೋಗಿ ಅದೇ ಮನೆಯ ಇನ್ನೊಂದು ತಲೆಗೆ ಸೇರಿಕೊಳ್ಳುತ್ತದೆ. ಹಾಗಾಗಿ ಮನೆಗೊಬ್ಬಳು ಹೊರುವವಳು. ಕೂದಲು ಉದ್ದವಿದ್ದಷ್ಟೂ ಜಾಗ ಹೆಚ್ಚು, ಆದ್ದರಿಂದ ಹೆಣ್ಣು ನೋಡಲು ಹೋದವರು ಹುಡುಗಿ ಏನು ಓದಿದ್ದಾಳೆ ಎಂದು ಕೇಳುವ ಮೊದಲೇ ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳಮ್ಮ ಅನ್ನುತ್ತಾರೆ. ಒಂಟಿಯಾಗಿದ್ದ ಪೋಸ್ಟ್‌ಮಾಸ್ಟರರು ಒಮ್ಮೆ ಧೈರ್ಯ ಮಾಡಿ ಬಣ್ಣ ಹಚ್ಚಿಕೊಂಡಾಗ ಅವರ ಕರಿಬೆಕ್ಕು ಬೆಳ್ಳಗಾಯಿತು. ಬೆಕ್ಕು ಮುನಿಸಿಕೊಂಡು ಮನೆ ಬಿಟ್ಟು ಹೋದ ಮೇಲೆ ನರೆ ವಾಪಸ್ಸು ಬಂದು ಅವರ ಮೀಸೆಯ ಮೇಲೆ ಕೂತಿತು. ಪೇಟೆಯ ಪಾರ್ಲರಿನಲ್ಲಿ ಹೊರುವವರ ಕೂದಲಿಗೆ ಕತ್ತರಿ ಹಾಕುವುದಿಲ್ಲ ಎಂದು ಬೋರ್ಡ್ ತೂಗುಹಾಕಿದ್ದಾರೆ. ನಾನು ಕುತ್ತಿಗೆ ನೋವು ತಾಳಲಾರದೆ ಒಮ್ಮೆ ಕೇಳಿಯೇ ಬಿಟ್ಟಿದ್ದೆ. ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ, ಎಲ್ಲರೂ ಹೂಂ ಅಂದರೆ ಕತ್ತರಿಸುತ್ತೇನೆ ಅಂದಳು ಆ ಪುಣ್ಯಾತ್ಗಿತ್ತಿ. ನನ್ನ ಕೂದಲು ಕತ್ತರಿಸುವುದಕ್ಕೆ ನನ್ನ ಗಂಡನ ಅಕ್ಕ ಒಪ್ಪಬೇಕು.

ನಮ್ಮ ಮನೆಯಲ್ಲಿ ಬಣ್ಣ ಹಚ್ಚಿಕೊಳ್ಳದವರೇ ಇರಲಿಲ್ಲ. ನನ್ನ ಗಂಡ ಯೋಗಾನಂದ ಸೀರೆ ಅಂಗಡಿ ಇಟ್ಟವರು. ತಲೆ ಬೆಳ್ಳಗಾದರೆ ಅಂಗಡಿಯಲ್ಲಿರುವುದು ಹಳೆಯ ಸ್ಟಾಕು ಅಂದುಕೊಳ್ಳುತ್ತಾರಂತೆ. ಅವರ ಅಕ್ಕ ಕುಮುದಾ ಅತ್ತಿಗೆ ಮದುವೆಯಾಗದೆ ನಮ್ಮೊಂದಿಗೇ ಇರುವವರು, ಮಕ್ಕಳಿಗೆ ಭರತನಾಟ್ಯ ಕಲಿಸುತ್ತಾರೆ. ವಯಸ್ಸು ಅರವತ್ತೈದು ದಾಟಿದ್ದರೂ ತುರುಬು ಮಿರಮಿರ ಮಿಂಚುತ್ತಿತ್ತು. ಮಗ ಪ್ರಮೋದನಿಗೆ ಮೂವತ್ತಕ್ಕೆಲ್ಲ ಕೆನ್ನೆಯ ಪಕ್ಕ ಬೆಳ್ಳಗಾಗಲು ಶುರುವಾಗಿ, ಮದುವೆಯಾಗುವವರೆಗೆ ಅಂತ ಹೇಳಿ ಅವನೂ ಹಚ್ಚಿಕೊಳ್ಳತೊಡಗಿದ. ಎಲ್ಲರಿಗಿಂತ ಮೇಲೆ ನಮ್ಮತ್ತೆ ಭಾಗೀರಥಮ್ಮ. ಎಂಬತ್ತನಾಲ್ಕು ವರ್ಷ, ಬಾಯಲ್ಲಿ ಹಲ್ಲಿಲ್ಲ, ತಲೆಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗಂಟು. ಆ ಗಂಟು ಮಾತ್ರ ಕಪ್ಪಗಿರಬೇಕು.

ಮನೆಯಲ್ಲಿ ಯಾರು ಹಚ್ಚಿಕೊಂಡರೂ, ನಾನು ಎಲ್ಲೇ ಇದ್ದರೂ ನನಗೆ ತಿಳಿಯುತ್ತಿತ್ತು. ನೆತ್ತಿಯ ಮೇಲೆ ಯಾರೋ ತಣ್ಣನೆಯ ಅಂಗೈ ಇಟ್ಟ ಹಾಗಾಗುತ್ತಿತ್ತು. ಮೂರನೆಯ ತರಗತಿಗೆ ಮಗ್ಗಿ ಹೇಳಿಸುತ್ತಾ ನಿಂತಿರುವಾಗ ತಲೆ ತಣ್ಣಗಾಗುವುದು, ಆಹಾ, ಯಾರೋ ಮನೆಯಲ್ಲಿ ಟವೆಲ್ ಹೊದ್ದುಕೊಂಡು ಕೂತಿದ್ದಾರೆ ಎಂದುಕೊಳ್ಳುತ್ತಿದ್ದೆ. ಸಂಜೆ ಮನೆಗೆ ಬಂದರೆ ಬಚ್ಚಲಿನ ಗೋಡೆಯ ಮೇಲೆ ಕಪ್ಪು ಚುಕ್ಕೆ, ಬಕೆಟ್ಟಿಗೆ ಕಪ್ಪು ಅಂಚು, ನನ್ನ ಒಳ್ಳೆಯ ಬಟ್ಟಲಲ್ಲಿ ಒಣಗಿದ ಬಣ್ಣ. ಅದನ್ನು ಉಜ್ಜಿ ತೊಳೆಯುವವಳೂ ನಾನೇ. ಇನ್ನು ಶುಕ್ರವಾರದ ನನ್ನ ತಲೆಸ್ನಾನವನ್ನು ಕೇಳಬೇಡಿ. ಎಣ್ಣೆ ಇಳಿಸಲು ಅರ್ಧ ಡಬ್ಬಿ ಸೀಗೆಪುಡಿ, ಒಣಗಿಸಲು ಇಡೀ ಮಧ್ಯಾಹ್ನ, ಸಿಕ್ಕು ಬಿಡಿಸಲು ಇನ್ನೊಂದು ಸಂಜೆ. ಮಾರನೆಯ ದಿನ ಬಚ್ಚಲಿನ ನೀರು ಹರಿಯದಿದ್ದರೆ ಕುಮುದಾ ಅತ್ತಿಗೆ ಕಡ್ಡಿಯಲ್ಲಿ ಒಂದು ಬಿಳಿ ಉಂಡೆಯನ್ನು ಎತ್ತಿ ಹಿಡಿದು, "ಮಂದಾ, ನಿನ್ನ ಕೂದಲು ನೋಡು" ಅನ್ನುತ್ತಿದ್ದರು. ಕಟ್ಟಿಕೊಂಡಾಗ ಮಾತ್ರ ಅದು ನನ್ನ ಕೂದಲು.

ಇಷ್ಟಾದರೂ ನಾನು ಹೊತ್ತುಕೊಂಡೇ ಇರುತ್ತಿದ್ದೆನೋ ಏನೋ. ನಮ್ಮ ಶಾಲೆಯ ವರಾಂಡದಲ್ಲಿ ನನಗಿಂತ ಹಿಂದೆ ಇದ್ದ ಮುಖ್ಯೋಪಾಧ್ಯಾಯಿನಿಯರ ಫೋಟೋಗಳ ಸಾಲಿದೆ. ನಿವೃತ್ತಿಯ ದಿನ ತೆಗೆದದ್ದು. ಎಲ್ಲರ ತಲೆಯೂ ಕಪ್ಪು. ಮುಂದಿನ ಮೊಳೆ ನನ್ನದು. ಒಂದು ದಿನ ಊರಿಗೆ ಹೊಸಬನೊಬ್ಬ ಮಗುವನ್ನು ಶಾಲೆಗೆ ಸೇರಿಸಲು ಬಂದ. ಆಫೀಸಿನ ಗೋಡೆಯಲ್ಲಿದ್ದ ಹತ್ತು ವರ್ಷ ಹಿಂದಿನ ಗುಂಪು ಫೋಟೋದಲ್ಲಿ ಆಗಲೂ ಇಷ್ಟೇ ಬೆಳ್ಳಗಿದ್ದ ನನ್ನನ್ನು ತೋರಿಸಿ, "ಇವ್ರು ನಿಮ್ಮ ತಾಯಿನಾ ಮೇಡಂ? ಅವ್ರೂ ಇಲ್ಲೇ ಟೀಚರಾಗಿದ್ರಾ?" ಎಂದು ಕೇಳಿದ. ನಾನು ಹೌದು ಅಂದೆ. ಇನ್ನೇನು ಅನ್ನಲಿ? ಆದರೆ ಅವತ್ತು ಮನೆಗೆ ಹೋಗುವಾಗ ತೀರ್ಮಾನ ಮಾಡಿದೆ. ನಿವೃತ್ತಿಯ ದಿನದ ಆ ಒಂದು ಫೋಟೋದಲ್ಲಿ ನನ್ನ ಕೂದಲು ನನ್ನ ಬಣ್ಣದಲ್ಲಿರಬೇಕು. ಕಪ್ಪಾದರೆ ಕಪ್ಪು, ಬಿಳಿಯಾದರೆ ಬಿಳಿ. ನನ್ನದಾಗಿದ್ದರೆ ಸಾಕು.

ಸಂಜೆ ಕಾಫಿಯ ಹೊತ್ತಿಗೆ ಎಲ್ಲರೂ ಕೂತಿದ್ದಾಗ ಮಾತು ತೆಗೆದೆ. "ಫೋಟೋ ದಿನ ಒಂದಿನಾ ಯಾರಾದ್ರೂ ಹೊತ್ಕೊಳಿ. ಮಾರನೇ ದಿನ ವಾಪಸ್ ತಗೋತೀನಿ."

ಇವರು ಲೋಟದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡುತ್ತಾ ಕೂತರು. "ಹಬ್ಬದ ಸೀಸನ್ನು ಕಣೇ. ಬೇರೆ ಯಾವಾಗ್ಲಾದ್ರೂ ಆಗಿದ್ರೆ ಖಂಡಿತಾ" ಅಂದರು. ನಮ್ಮ ಅಂಗಡಿಗೆ ಸೀಸನ್ ಅಲ್ಲದ ದಿನವನ್ನು ನಾನು ಕಂಡಿಲ್ಲ. ಕುಮುದಾ ಅತ್ತಿಗೆಗೆ ಆ ವಾರವೇ ಮಕ್ಕಳ ಅರಂಗೇಟ್ರಂ. ಪ್ರಮೋದ ಫೋನಿನಿಂದ ತಲೆ ಎತ್ತದೆ, "ಅಮ್ಮಾ, ನಿಂಗೆ ಬಿಳೀನೇ ಚೆಂದ. ಒಂಥರಾ ಗ್ರೇಸ್ ಇದೆ" ಅಂದ. ಅಷ್ಟು ಚೆಂದವಿದ್ದರೆ ನಿನ್ನದನ್ನು ನೀನೇ ಯಾಕೆ ಇಟ್ಟುಕೊಳ್ಳಬಾರದು ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅತ್ತೆ ಬೊಚ್ಚುಬಾಯಿ ಆಡಿಸುತ್ತಾ ಅಂದರು: "ಅದಕ್ಯಾಕೆ ಇಷ್ಟೆಲ್ಲಾ? ಸೊಸೆ ತಂದ್ಕೋ. ಹೊಸ್ತಿಲಲ್ಲಿ ಎಣ್ಣೆ ಇಟ್ಟು ಕೊಟ್ಬಿಡು. ನಮ್ಮದೆಲ್ಲಾ ಅವಳಿಗೆ ಹೋಗತ್ತೆ, ನಿಂದು ನಿನಗೆ ಉಳಿಯತ್ತೆ."

ಎಲ್ಲರ ಮುಖವೂ ಅರಳಿತು. ಒಂದು ತಲೆ ಸಿಕ್ಕಿತಲ್ಲ. ನಮ್ಮ ಊರಿನಲ್ಲಿ ಪದ್ಧತಿ ಇರುವುದೇ ಹಾಗೆ. ಸೊಸೆ ಮನೆ ತುಂಬುವ ದಿನ, ಒಳಗೆ ಕಾಲಿಡುವ ಮೊದಲು, ಹೊರುವವಳು ಬೆಳ್ಳಿ ಬಟ್ಟಲಿನ ಎಣ್ಣೆಯನ್ನು ಬೆರಳಲ್ಲಿ ತೆಗೆದು ಅವಳ ಬೈತಲೆಗೆ ಹಚ್ಚುತ್ತಾಳೆ. ಮನೆಯ ನರೆಯೆಲ್ಲ ಆ ಎಣ್ಣೆಯ ಹಿಂದೆಯೇ ಹೋಗಿಬಿಡುತ್ತದೆ. ಎಣ್ಣೆ ಹಚ್ಚಿಸಿಕೊಂಡ ತಲೆ ಒಲ್ಲೆ ಅನ್ನುವ ಹಾಗಿಲ್ಲ, ಹೊರುವಷ್ಟು ದಿನ ಅದಕ್ಕೆ ಬಣ್ಣವೂ ಹತ್ತುವುದಿಲ್ಲ.

ಅಲ್ಲಿಯವರೆಗೆ ಮೂರು ವರ್ಷದಿಂದ ಮಗನಿಗೆ ಹೆಣ್ಣು ನೋಡುತ್ತೇವೆ ಎಂದು ಕಾಲ ತಳ್ಳುತ್ತಿದ್ದವರು ಆಮೇಲೆ ಒಂದೇ ತಿಂಗಳಲ್ಲಿ ಹುಡುಗಿಯನ್ನು ಹುಡುಕಿದರು. ಹೆಸರು ಸಿಂಚನ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ನೋಡಲು ಹೋದ ದಿನ ಪ್ರಮೋದನಿಗೆ ಹಿಡಿಸಿದ್ದು ಅವಳ ನಗು. ಕುಮುದಾ ಅತ್ತಿಗೆ ಮಾತ್ರ ಅವಳನ್ನು ಕಿಟಕಿಯ ಹತ್ತಿರ ಕರೆದು, ಜಡೆ ಎಷ್ಟು ಚೆನ್ನಾಗಿದೆಯಮ್ಮ ಎಂದು ಸವರುವ ನೆಪದಲ್ಲಿ ಹೆಗಲಿನಿಂದ ಕೆಳಕ್ಕೆ ಗೇಣು ಹಾಕುತ್ತಾ ಹೋದರು. ಸೊಂಟ ದಾಟಿದ ಮೇಲೆ ಇವರ ಕಡೆ ತಿರುಗಿ ಸಣ್ಣಗೆ ತಲೆಯಾಡಿಸಿದರು. ಇವರು ತಟ್ಟೆಯಿಂದ ಇನ್ನೊಂದು ಕೋಡುಬಳೆ ಎತ್ತಿಕೊಂಡರು. ನನಗೆ ನಾಚಿಕೆಯಾಯಿತು. ಹಾಗಂತ ಬಾಯಿ ಬಿಟ್ಟೆನೇ? ಇಲ್ಲ. ನನ್ನ ಫೋಟೋ ನನ್ನ ಕಣ್ಣ ಮುಂದಿತ್ತು.

ಹುಡುಗಿಯ ತಾಯಿಯೂ ನನ್ನ ಹಾಗೇ. ಅಚ್ಚ ಬಿಳಿ ಜಡೆ, ಮುಖ ನೋಡಿದರೆ ಐವತ್ತೂ ಆಗಿರಲಿಕ್ಕಿಲ್ಲ. ನಾನು ಅವರ ಅಡುಗೆಮನೆಗೆ ಲೋಟ ಇಡಲು ಹೋದಾಗ ಹಿಂದೆಯೇ ಬಂದರು. ಸ್ವಲ್ಪ ಹೊತ್ತು ಸೆರಗಿನ ತುದಿ ಹೊಸೆಯುತ್ತಾ ನಿಂತು, "ನಿಮ್ಮಲ್ಲಿ ಎಷ್ಟು ಜನ?" ಎಂದು ಕೇಳಿದರು.

ಅವರು ಯಾವುದನ್ನು ಕೇಳುತ್ತಿದ್ದಾರೆ ಎಂದು ನಾನು ಬಿಡಿಸಿ ಕೇಳಬೇಕಾಗಿರಲಿಲ್ಲ. "ನಾಲ್ಕು" ಅಂದೆ. "ನನ್ನ ಸೇರಿಸಿದ್ರೆ ಮುಂದೆ ಐದು."

"ನಮ್ಮಲ್ಲಿ ಮೂರು." ಅವರು ಸ್ಟೋವಿನ ಮೇಲಿನ ಪಾತ್ರೆಯನ್ನು ಸುಮ್ಮನೆ ಈ ಕಡೆಯಿಂದ ಆ ಕಡೆಗೆ ಸರಿಸಿದರು. "ಅವಳ ಜಡೆ ಇವತ್ತಿಗೂ ನಾನೇ ಹೆಣೆಯೋದು ಕಣ್ರೀ. ಕಪ್ಪು ಅಂದ್ರೆ ಕಪ್ಪು. ಹೆಣೀತಾ ಹೆಣೀತಾ ನಂಗೆ ಎಲ್ಲಾ ಮರ್ತೋಗತ್ತೆ." ಆಮೇಲೆ ಕಣ್ಣೊರೆಸಿಕೊಂಡು, ಇನ್ನೊಂದು ಸ್ವಲ್ಪ ಉಪ್ಪಿಟ್ಟು ಹಾಕಲಾ ಎಂದು ಕೇಳಿದರು. ಅವರು ಬೇಡ ಅನ್ನಬಹುದಿತ್ತು, ನಾನೂ ಬೇಡ ಅನ್ನಬಹುದಿತ್ತು. ಇಬ್ಬರೂ ಅನ್ನಲಿಲ್ಲ. ಮದುವೆ ಗೊತ್ತಾಯಿತು, ನನ್ನ ನಿವೃತ್ತಿಗೆ ಸರಿಯಾಗಿ ಒಂದು ವಾರ ಮೊದಲಿನ ಮುಹೂರ್ತ.

ಮದುವೆಗೆ ಮುಂಚಿನ ಶುಕ್ರವಾರ ಮಹಡಿಯ ಮೇಲೆ ಕೂದಲು ಒಣಗಿಸುತ್ತಾ ಕೂತಿದ್ದೆ. ಚಾಪೆಯ ತುಂಬ ಬಿಳಿ ಕೂದಲು ಹರಡಿತ್ತು, ಅದರ ಪಕ್ಕದಲ್ಲಿ ಅತ್ತೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ನನ್ನ ಕೂದಲಿನ ಒಂದು ಎಳೆಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು, "ಇದು ಯೋಗೀದು. ಮುಟ್ಟಿದ್ರೆ ಗೊತ್ತಾಗತ್ತೆ, ಒರಟು" ಅಂದರು. ಅವರಿಗೆ ಕಣ್ಣು ಸರಿಯಾಗಿ ಕಾಣುವುದೇ ಇಲ್ಲ.

"ನಂದು ಯಾವ್ದು ಅತ್ತೆ?"

ಅವರು ತಡಕಾಡಿದರು. ಒಂದೆಳೆ ಹಿಡಿದರು, ಬಿಟ್ಟರು, ಇನ್ನೊಂದು ಹಿಡಿದರು. "ಗೊತ್ತಾಗಲ್ಲ ಕಣೇ" ಅಂದರು. ಆಮೇಲೆ ತಾವೇ ಶುರು ಮಾಡಿದರು. "ನಾನು ಮೂವತ್ಮೂರು ವರ್ಷ ಹೊತ್ತೆ. ನಮ್ಮ ಮಾವಂದು, ಅವರ ತಮ್ಮಂದಿರದ್ದು. ನೀನು ಬಂದ ದಿನ ಎಣ್ಣೆ ಹಚ್ಚಿದ ಕೂಡ್ಲೇ ತಲೆ ಹಗುರಾಗೋಯ್ತು. ಮಧ್ಯಾಹ್ನ ಊಟ ಮಾಡಿ ಮಲ್ಗಿದೋಳು ದೀಪ ಹಚ್ಚೋ ಹೊತ್ತಿಗೆ ಎದ್ದೆ. ಅಂಥಾ ನಿದ್ದೆ ಆಮೇಲೆ ಬರ್ಲಿಲ್ಲ."

"ಸಂತೋಷ ಅತ್ತೆ" ಅಂದೆ. ನನ್ನ ಧ್ವನಿಯಲ್ಲಿ ಸಂತೋಷ ಇರಲಿಲ್ಲ.

"ನೀನು ನಗ್ತಿದ್ದೆ" ಅಂದರು ಅವರು. "ಎಣ್ಣೆ ಹಚ್ಚುವಾಗ. ಅತ್ತೆ ಎಷ್ಟು ಪ್ರೀತಿಯಿಂದ ಹಚ್ತಾರೆ ಅಂತ ನಿಮ್ಮಮ್ಮನ ಕಡೆ ತಿರುಗಿ ನಗ್ತಿದ್ದೆ. ಆಮೇಲೆ ಎರಡು ತಿಂಗಳು ನಂಗೆ ನಿನ್ನ ಮುಖ ನೋಡಕ್ಕಾಗ್ಲಿಲ್ಲ. ನೀನು ಬಂದ್ರೆ ನಾನು ಹಿತ್ತಲಿಗೆ ಹೋಗ್ತಿದ್ದೆ."

ನನಗೆ ನೆನಪಿತ್ತು. ಹೊಸ ಸೊಸೆ ಬಂದ ಕೂಡಲೇ ಅತ್ತೆ ಹಿತ್ತಲಲ್ಲೇ ಇರುತ್ತಾರೆ, ನನ್ನನ್ನು ಕಂಡರೆ ಆಗುವುದಿಲ್ಲ ಎಂದು ತವರಿಗೆ ಹೋಗಿ ಅತ್ತಿದ್ದೆ. ನನ್ನ ಊರು ಬೇರೆ. ಅಲ್ಲಿ ಬಣ್ಣ ಹಚ್ಚಿಕೊಂಡರೆ ಬಚ್ಚಲಿಗೆ ಹೋಗುತ್ತದೆ ಅಷ್ಟೆ. ಇಲ್ಲಿಗೆ ಬಂದ ದಿನ ಸಂಜೆ ಕನ್ನಡಿ ನೋಡಿಕೊಂಡಾಗ ಏನೋ ಕಾಯಿಲೆ ಅಂದುಕೊಂಡಿದ್ದೆ. ಇಪ್ಪತ್ತಾರರ ಹುಡುಗಿ, ತಲೆ ಪೂರ್ತಿ ಬಿಳಿ. ಇವರು ಆಗ ಏನು ಹೇಳಿದರು ಗೊತ್ತೇ? "ಅಭ್ಯಾಸ ಆಗತ್ತೆ" ಅಂದರು. ಅವರಿಗೆ ಅಭ್ಯಾಸ ಆಯಿತು. ಆ ಮಧ್ಯಾಹ್ನ ಮಹಡಿಯ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂದದ್ದು ನನ್ನ ಮೇಲೆ ಹೇರಿದವರ ಮೇಲಲ್ಲ, ಸಿಂಚನಳ ಬೈತಲೆಯ ಮೇಲೆ. ಅದು ಅಷ್ಟು ನೇರವಾಗಿ, ಅಷ್ಟು ಸ್ವಚ್ಛವಾಗಿ ನನ್ನ ಎದುರಿಗೆ ಬಂದು ಬಾಗುವುದಿತ್ತು. ಅದು ಬಾಗಿದರೆ ನನಗೆ ಬೇಕಾದದ್ದು ಸಿಗುತ್ತಿತ್ತು, ಅದೇ ಕಷ್ಟ.

ಮನೆಯವರಿಗೆ ಇಂಥ ಕಷ್ಟವೇನೂ ಇರಲಿಲ್ಲ. ಮದುವೆಯ ಹಿಂದಿನ ದಿನ ಬೆಳಿಗ್ಗೆ ನಡುಮನೆಯಲ್ಲಿ ನ್ಯೂಸ್‌ಪೇಪರ್ ಹಾಸಿಕೊಂಡು ನಾಲ್ವರೂ ಸಾಲಾಗಿ ಕೂತರು. ಹೆಗಲಿಗೆ ಹಳೆಯ ಟವೆಲ್ಲು, ಕಿವಿಗೆ ವ್ಯಾಸಲೀನು. ಅತ್ತಿಗೆ ಇವರ ಹಿಂದಲೆಗೆ, ಇವರು ಮಗನ ಕೆನ್ನೆಯ ಪಕ್ಕಕ್ಕೆ, ಮಗ ಅಜ್ಜಿಯ ಗಂಟಿಗೆ ಬ್ರಷ್ಷಿನಲ್ಲಿ ಹಚ್ಚುತ್ತಾ ಮನೆ ತುಂಬ ನಗು. ಸಾಮಾನ್ಯವಾಗಿ ಹಚ್ಚುವುದಕ್ಕಿಂತ ದಪ್ಪಗೆ ಹಚ್ಚಿಕೊಂಡರು. ಹೇಗೂ ನಾಳೆ ಹೊಸ ತಲೆ ಬರುತ್ತದೆ, ಅಷ್ಟುದ್ದ ಜಾಗ ಇದೆ, ಒಂದು ಕೂದಲೂ ಬಿಡುವುದು ಬೇಡ. "ಹುಬ್ಬಿಗೂ ಸ್ವಲ್ಪ ಹಚ್ಚೋ" ಎಂದು ಅತ್ತಿಗೆ ಪ್ರಮೋದನಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. ನನ್ನ ನೆತ್ತಿ ಎಷ್ಟು ತಣ್ಣಗಾಯಿತೆಂದರೆ ನಾನು ಒಲೆಯ ಮುಂದೆ ನಿಂತು ಸೆರಗು ಹೊದ್ದುಕೊಂಡೆ. ಸೆಖೆಯ ದಿನ ಹಲ್ಲು ಕಟಕಟ ಅನ್ನುತ್ತಿತ್ತು. ಯಾರೊಬ್ಬರೂ, ದೇವರಾಣೆ, ಒಬ್ಬರೂ ಬಂದು ಏನಾಯಿತು ಎಂದು ಕೇಳಲಿಲ್ಲ. ಪ್ರಮೋದ ಬಂದದ್ದು ಬಣ್ಣ ಕಲಸಲು ಇನ್ನೊಂದು ಬಟ್ಟಲು ಬೇಕು ಅಂತ.

ಮಾರನೆಯ ದಿನ ಮದುವೆ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿಸಿಕೊಳ್ಳಲು ಬಂದೆವು. ಹೊಸ್ತಿಲಿನ ಹೊರಗೆ ಸಿಂಚನ, ಪಕ್ಕದಲ್ಲಿ ಪ್ರಮೋದ, ಹಿಂದೆ ಅವಳ ತಾಯಿ. ಒಳಗೆ ನಮ್ಮವರು ಪದ್ಧತಿಯ ಪ್ರಕಾರ ವಯಸ್ಸಿಗೆ ತಕ್ಕ ಹಾಗೆ ಸಾಲಾಗಿ ನಿಂತಿದ್ದರು. ಮೊದಲು ಕುರ್ಚಿಯಲ್ಲಿ ಅತ್ತೆ, ಆಮೇಲೆ ಅತ್ತಿಗೆ, ಆಮೇಲೆ ಇವರು. ಎಲ್ಲರ ತಲೆಯೂ ಹೊಸ ಬೂಟಿನಂತೆ ಹೊಳೆಯುತ್ತಿತ್ತು. ನನ್ನ ಕೈಯಲ್ಲಿ ಬೆಳ್ಳಿ ಬಟ್ಟಲು. ಸಿಂಚನ ತಲೆ ಬಾಗಿಸಿದಳು. ಅವಳು ಈ ಊರಿನವಳೇ, ಏನಾಗುತ್ತದೆಂದು ಚೆನ್ನಾಗಿ ಗೊತ್ತಿದ್ದವಳು. ಆದ್ದರಿಂದ ನಗಲಿಲ್ಲ. ಸೂಜಿ ಚುಚ್ಚಿಸಿಕೊಳ್ಳುವ ಮಗುವಿನ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಅವಳ ತಾಯಿ ಗೋಡೆಯ ಕಡೆ ಮುಖ ತಿರುಗಿಸಿದರು.

ನನ್ನ ಬೆರಳು ಎಣ್ಣೆಯಲ್ಲಿ ಅದ್ದಿತ್ತು. ಇನ್ನೊಂದು ಗೇಣು ಮುಂದೆ ಚಾಚಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ನಾನು ಪಕ್ಕಕ್ಕೆ ತಿರುಗಿ ಪ್ರಮೋದನ ಬೈತಲೆಗೆ ಎಣ್ಣೆ ಹಚ್ಚಿದೆ. "ನಿಂದು ನಿನಗೆ" ಅಂದೆ.

ಅವನಿಗೆ ಏನಾಯಿತೆಂದು ತಿಳಿಯುವುದರೊಳಗೆ ನಾನು ಒಳಗೆ ತಿರುಗಿದ್ದೆ. ಇವರು ಬಾಯಿ ತೆರೆದು ನಿಂತಿದ್ದರು. ಅವರ ನೆತ್ತಿಯನ್ನು ಮುಟ್ಟಲು ನಾನು ತುದಿಗಾಲಲ್ಲಿ ನಿಲ್ಲಬೇಕಾಯಿತು. "ನಿಮ್ಮದು ನಿಮಗೆ." ಅತ್ತಿಗೆ ಎರಡೂ ಕೈಯಲ್ಲಿ ತುರುಬು ಮುಚ್ಚಿಕೊಂಡು ಹಿಂದೆ ಸರಿದರು, ಹಿಂದೆ ಅತ್ತೆಯ ಕುರ್ಚಿ ತಗುಲಿ ನಿಂತರು. ತುರುಬು ಮುಚ್ಚಿದರೆ ಬೈತಲೆ ಮುಚ್ಚುತ್ತದೆಯೇ? "ನಿಮ್ಮದೂ ನಿಮಗೆ ಅತ್ತಿಗೆ." ಹೀಗೆ ಮಾಡಬಹುದು ಅಂತ ಯಾರೂ ನನಗೆ ಹೇಳಿರಲಿಲ್ಲ, ಮಾಡಬಾರದು ಅಂತಲೂ ಹೇಳಿರಲಿಲ್ಲ. ಎಣ್ಣೆ ಹೊರುವವಳ ಕೈಯಲ್ಲಿದೆ, ತಲೆಗಳು ಎದುರಿಗಿವೆ. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ನನಗೆ ನನ್ನ ಮೇಲೇ ರೇಗಿತು.

ಅತ್ತೆಯ ಮುಂದೆ ಬಂದಾಗ ಮಾತ್ರ ಕೈ ತಡೆಯಿತು. ಎಂಬತ್ತನಾಲ್ಕರ ಜೀವ, ಇರಲಿ ಬಿಡು, ಇದೊಂದನ್ನು ಹೊತ್ತುಕೊಳ್ಳೋಣ ಅನ್ನಿಸಿತು. ಅವರು ಸೆರಗು ಹಿಂದಕ್ಕೆ ಸರಿಸಿ, ತಾವೇ ತಲೆ ಬಾಗಿಸಿದರು.

"ಏನ್ ಮಾಡಿದೆ ಅಂತ ಗೊತ್ತಿದ್ಯಾ ನಿಂಗೆ?" ಇವರು ಅಂಗೈಯಲ್ಲಿ ನೆತ್ತಿ ಉಜ್ಜಿಕೊಳ್ಳುತ್ತಿದ್ದರು. "ಬೀಗರ ಮುಂದೆ?"

"ಗೊತ್ತಿದೆ. ಊಟಕ್ಕೆ ಏಳಿ, ತಣ್ಣಗಾಗತ್ತೆ" ಅಂದೆ. ಸಿಂಚನ ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು. "ಬಾಮ್ಮಾ, ಒಳಗೆ ಬಾ. ನಿನ್ನ ತಲೆಗೆ ಏನೂ ಇಲ್ಲ" ಎಂದು ಕೈ ಹಿಡಿದು ಕರೆದುಕೊಂಡೆ. ಬೆರಳು ಮಂಜುಗಡ್ಡೆಯ ಹಾಗಿತ್ತು ಪಾಪ. ಅವಳ ತಾಯಿ ಎಲ್ಲರ ಎದುರಿಗೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತರು.

ಅಂಥ ಊಟವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಎಲೆಯಲ್ಲಿ ಏನು ಬಡಿಸಿದೆ ಎಂದು ಯಾರೂ ನೋಡಲಿಲ್ಲ, ಎಲ್ಲರೂ ಎಲ್ಲರ ತಲೆಯನ್ನೇ ನೋಡುತ್ತಿದ್ದರು. ಕೋಸಂಬರಿಯ ಹೊತ್ತಿಗೆ ಪ್ರಮೋದನ ಕೆನ್ನೆಯ ಪಕ್ಕ ಎರಡು ಬಿಳಿ ಪಟ್ಟಿ ಎದ್ದವು. ಹುಳಿಯ ಹೊತ್ತಿಗೆ ಇವರ ತಲೆ ಬೂದಿ ಬಣ್ಣಕ್ಕೆ ತಿರುಗಿ, ಪಾಯಸ ಬರುವಾಗ ಪೂರ್ತಿ ಬಿಳಿ. ಅತ್ತಿಗೆ ಅರ್ಧ ಊಟದಲ್ಲಿ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಉಳಿದ ಬಣ್ಣವನ್ನೆಲ್ಲ ತಲೆಗೆ ಸುರಿದುಕೊಂಡರೂ ಒಂದೆಳೆಗೂ ಹತ್ತಲಿಲ್ಲ. ಹೊರಗೆ ಬಂದಾಗ ಕೂದಲು ಬಿಳಿ, ಹಣೆ ಕಪ್ಪು. ಸಿಂಚನ ಎಲೆಯ ಮೇಲೆ ಬಾಗಿ ಕೆಮ್ಮಿದ ಹಾಗೆ ಮಾಡಿದಳು. ಆಮೇಲೆ ಪ್ರಮೋದನ ಕಿವಿಯ ಹತ್ತಿರದ ಪಟ್ಟಿಯನ್ನು ಒಂದು ಸಲ ನೋಡಿ, "ಇದೇ ಚೆನ್ನಾಗಿದೆ" ಎಂದು ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ನನಗೆ ಒಂಥರಾ ಗ್ರೇಸ್ ಇದೆ ಅಂದಿದ್ದವನು ಈಗ ಏನಂದಾನೋ ಎಂದು ನೋಡಿದೆ. ಅವನು ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡ.

ಅತ್ತೆ ಕನ್ನಡಿ ಕೇಳಿದರು. ಅವರ ಗಂಟು ಬಿಚ್ಚಿಹೋಗಿ, ಬೆಳ್ಳಗೆ ತೆಳ್ಳಗೆ ಹೆಗಲ ಮೇಲೆ ಬಿದ್ದಿತ್ತು. ಕೈಗನ್ನಡಿಯನ್ನು ಮೂಗಿನ ತುದಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿಕೊಂಡರು. ನಾನು ಬೈಗುಳ ಕಾಯುತ್ತಾ ನಿಂತಿದ್ದೆ. "ಮಂದಾ, ಬಾರೇ ಇಲ್ಲಿ" ಅಂದರು. "ನಮ್ಮಮ್ಮನ ಥರಾನೇ ಇದೀನಲ್ಲೇ. ಕೊನೇಗಾಲದಲ್ಲಿ ಹೀಗೇ ಇದ್ಲು." ಆ ಕನ್ನಡಿಯನ್ನು ಅವರು ಸಂಜೆಯವರೆಗೂ ಯಾರಿಗೂ ಕೊಡಲಿಲ್ಲ.

ನನ್ನ ಸರದಿ ಬಂದದ್ದು ಬೀಗರೆಲ್ಲ ಹೊರಟ ಮೇಲೆ. ಅಲ್ಲಿಯವರೆಗೆ ತಲೆಯನ್ನೂ ಜಡೆಯನ್ನೂ ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದೆ. ಕೋಣೆಯಲ್ಲಿ ಅಲಮಾರಿನ ದೊಡ್ಡ ಕನ್ನಡಿಗೆ ಬೆನ್ನು ಮಾಡಿ ನಿಂತು, ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ತುದಿಯಿಂದ ಬಿಚ್ಚುತ್ತಾ ಬಂದೆ. ತುದಿ ಕಪ್ಪಗಿತ್ತು. ಬಣ್ಣದ ಕಪ್ಪಲ್ಲ, ಬಿಸಿಲಿಗೆ ಹಿಡಿದರೆ ಸ್ವಲ್ಪ ಕೆಂಪು ಕಾಣುವ ಕಪ್ಪು. ಮಂಡಿಯಿಂದ ಸೊಂಟದವರೆಗೂ ಹಾಗೇ. ಸೊಂಟದ ಹತ್ತಿರ ಒಂದೆರಡು ಬಿಳಿ ಎಳೆ ಹುಟ್ಟಿಕೊಂಡು, ಬೆನ್ನಿನ ಉದ್ದಕ್ಕೆ ಹೆಚ್ಚುತ್ತಾ ಬಂದು, ಹೆಗಲಿಗೆ ಬರುವಾಗ ಬೂದಿಯಾಗಿ, ಬೈತಲೆಯಲ್ಲಿ ಬಿಳಿ. ಬುಡದಲ್ಲಿರುವುದು ಈಗಿನ ಕೂದಲು, ತುದಿಯಲ್ಲಿರುವುದು ಐವತ್ತರಲ್ಲಿ ಹುಟ್ಟಿದ್ದು. ಐವತ್ತರಲ್ಲಿ ನಾನು ಕಪ್ಪಗಿದ್ದೆ. ಬಸ್ಸಿನಲ್ಲಿ ಅಜ್ಜಿ ಅನ್ನಿಸಿಕೊಂಡು ಕೂತಾಗ, ಆ ಗುಂಪು ಫೋಟೋದಲ್ಲಿ ನನ್ನ ತಾಯಿಯಾಗಿ ನಿಂತಾಗ ನನ್ನ ಕೂದಲು ಇಷ್ಟು ಕಪ್ಪಗಿತ್ತು, ಮತ್ತು ಅದನ್ನು ನಾನಾಗಲಿ ಇನ್ನೊಬ್ಬರಾಗಲಿ ಒಂದು ದಿನವೂ ನೋಡಲಿಲ್ಲ. ನಾನು ಮಂಚದ ಮೇಲೆ ಕೂತು, ಆ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಚೆನ್ನಾಗಿ ಅತ್ತೆ. ಇವರು ಬಾಗಿಲಲ್ಲಿ ಬಂದು ನಿಂತದ್ದು ಗೊತ್ತಾಯಿತು. ಜಗಳ ತೆಗೆಯಲು ಬಂದವರು ಕೂದಲನ್ನು ನೋಡಿ, "ಇಷ್ಟು ಕಪ್ಪಿತ್ತಾ?" ಅಂದರು.

"ಇತ್ತಂತೆ" ಅಂದೆ.

ನಿವೃತ್ತಿಯ ದಿನ ಫೋಟೋ ತೆಗೆಯುವವನು ವರಾಂಡದಲ್ಲಿ ನನ್ನನ್ನು ಕೂರಿಸಿ, ಕ್ಯಾಮೆರಾದಲ್ಲಿ ನೋಡಿ ಮುಖ ಸಿಂಡರಿಸಿದ. "ಜಡೆ ಹಿಂದಕ್ಕೆ ಹಾಕ್ಕೊಳ್ಳಿ ಮೇಡಂ. ಎರಡೆರಡು ಬಣ್ಣ ಕಾಣತ್ತೆ, ಚೆನ್ನಾಗಿ ಬರಲ್ಲ. ಬೇಕಾದ್ರೆ ಆಮೇಲೆ ಕಂಪ್ಯೂಟರಲ್ಲಿ ಕಪ್ಪು ಮಾಡ್ಕೊಡ್ತೀನಿ."

"ನೀನು ಏನೂ ಮಾಡ್ಬೇಡ" ಅಂದೆ. ಎದ್ದು ನಿಂತು, ಜಡೆಯನ್ನು ಎದೆಯ ಮೇಲಿಂದ ಇಳಿಬಿಟ್ಟು ನೆಟ್ಟಗೆ ಮಾಡಿಕೊಂಡೆ. "ತುದಿವರೆಗೂ ಬರ್ಬೇಕು." ಅವನು ಗೊಣಗುತ್ತಾ, ಬೆನ್ನು ಕಂಬಕ್ಕೆ ತಗುಲುವವರೆಗೆ ಹಿಂದೆ ಹಿಂದೆ ಹೋದ.

ಮನೆಯಲ್ಲಿ ಈಗಲೂ ಗೊಣಗಾಟ ನಿಂತಿಲ್ಲ. ಇವರು ಅಂಗಡಿಗೆ ಟೋಪಿ ಹಾಕಿಕೊಂಡು ಹೋಗುತ್ತಾರೆ, ಅತ್ತಿಗೆ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ, ಬಚ್ಚಲು ಕಟ್ಟಿಕೊಂಡರೆ ಮಾತ್ರ ಬಂದು ಹೇಳುತ್ತಾರೆ. ಹೇಳಲಿ, ಅದು ನನ್ನದೇ. ಶಾಲೆಯ ವರಾಂಡದ ಸಾಲಿನ ಉಳಿದ ಫೋಟೋಗಳಲ್ಲಿ ಮುಖ ಮಾತ್ರ ಇರುವುದು. ನನ್ನದೊಂದೇ ಮಂಡಿಯವರೆಗೆ ಇರುವುದರಿಂದ ಸಾಲಿಗೆ ಹೊಂದಲಿಲ್ಲ. ಬಾಗಿಲ ಪಕ್ಕ, ಕೆಳಗೆ, ಮಕ್ಕಳ ಎತ್ತರಕ್ಕೆ ತೂಗುಹಾಕಿದ್ದಾರೆ. ಮೊನ್ನೆ ಪೆನ್ಷನ್ ಕೆಲಸಕ್ಕೆ ಹೋದಾಗ ಒಬ್ಬಳು ಪುಟ್ಟ ಹುಡುಗಿ ಗಾಜಿನ ಮೇಲೆ ಬೆರಳಿಟ್ಟು, ತುದಿಯಿಂದ ಮೇಲಕ್ಕೆ, ಬಿಳಿ ಎಲ್ಲಿ ಶುರುವಾಗಿದೆ ಎಂದು ಹುಡುಕುತ್ತಾ ನಿಂತಿದ್ದಳು. ಸೊಂಟದ ಹತ್ತಿರ ಗಾಜು ಮಂಕಾಗಿತ್ತು. ದಿನಾ ಯಾರಾದರೂ ಹುಡುಕುತ್ತಾರೆ ಅಂತ ಕಾಣುತ್ತದೆ.